ಏಪ್ರನ್ ಜೇಬಿಗೆ ಹದಿನಾರು ಪುಟ

ಜನವರಿ ೬

ಚೋಟು,

ಕ್ಷೇಮ ಸಮಾಚಾರದ ಶಾಸ್ತ್ರ ಆಮೇಲೆ, ಮೊದಲು ವಿಷಯ. ಬೈಂಡಿಂಗ್ ಶಾಪಿನವರು ಕೊನೆಗೂ ನನ್ನನ್ನು ಮನೆಗೆ ಕಳಿಸಿದರು. ಒಂದು ಗೋಡೆ ಗಡಿಯಾರ ಕೊಟ್ಟು, ನಾಲ್ಕು ಒಳ್ಳೆಯ ಮಾತಾಡಿ, ಕೈ ತೊಳೆದುಕೊಂಡರು. ಗಡಿಯಾರ ನಿಧಾನವಾಗಿ ಓಡುತ್ತದೆ ಎಂದು ಎದುರು ಅಂಗಡಿಯ ಟೈಲರಮ್ಮ ಹೇಳಿದಳು. ನನಗೆ ಮುಳ್ಳೇ ಸರಿಯಾಗಿ ಕಾಣುವುದಿಲ್ಲವಾದ್ದರಿಂದ ಅದರ ಜೊತೆ ಜಗಳವಿಲ್ಲ.

ಕಣ್ಣಿನ ವಿಷಯವನ್ನೂ ಹೇಳಿಬಿಡುತ್ತೇನೆ. ಚಷ್ಮಾ ಬದಲಾಯಿಸಿದರೆ ಸಾಕು ಅಂದುಕೊಂಡು ಡಾಕ್ಟರ ಹತ್ತಿರ ಹೋಗಿದ್ದೆ. ಅವರು ಒಂದು ದೀಪ ಬಿಟ್ಟು ನೋಡಿ, ಇನ್ನೊಂದು ದೀಪ ಬಿಟ್ಟು ನೋಡಿ, "ಇದು ಚಷ್ಮಾದಿಂದ ಸರಿ ಹೋಗೋದಲ್ಲಮ್ಮ" ಅಂದರು. ನಡುವಿನ ನೋಟ ಹೋಗುತ್ತಿದೆಯಂತೆ. ಯಾವ ಅಕ್ಷರವನ್ನು ನೋಡುತ್ತೇನೋ ಸರಿಯಾಗಿ ಅದರ ಮೇಲೆಯೇ ಯಾರೋ ಹೆಬ್ಬೆಟ್ಟು ಇಟ್ಟ ಹಾಗೆ. ಸುತ್ತಲಿನದೆಲ್ಲ ಚೆನ್ನಾಗಿಯೇ ಕಾಣುತ್ತದೆ. ಈ ಹೆಬ್ಬೆಟ್ಟು ದಪ್ಪವಾಗುತ್ತಾ ಹೋಗುತ್ತದಂತೆ. ಎಷ್ಟು ದಿನ ಅಂದೆ. "ಒಂದು ವರ್ಷ ಅನ್ನಿ" ಅಂದರು, ತರಕಾರಿಯವನು ತೂಕ ಹೇಳಿದ ಹಾಗೆ.

ನೀನು ಅಳುತ್ತಾ ಕೂರಬೇಡ. ನಾನೊಂದು ಯೋಜನೆ ಹಾಕಿದ್ದೇನೆ.

ಮಂಚದ ಕೆಳಗಿನ ಟ್ರಂಕು ನೆನಪಿದೆಯಲ್ಲ? ಇಷ್ಟು ವರ್ಷ ನಾನು ಹೊಲಿದ ಪುಸ್ತಕಗಳಲ್ಲಿ ಮಸಿ ಮೆತ್ತಿದ್ದು, ಅಂಚು ಸೊಟ್ಟಗಾದದ್ದು, ಹೀಗೆ ಅಂಗಡಿಗೆ ಹೋಗದ ಕೆಟ್ಟ ಪ್ರತಿಗಳೆಲ್ಲ ಅದರಲ್ಲಿವೆ. ಒಂದನ್ನೂ ಓದಿಲ್ಲ. ಶಾಪಿನಲ್ಲಿ ಒಂದು ಸಾಲಿನ ಮೇಲೆ ಕಣ್ಣು ನಿಂತರೆ ಮೇಸ್ತ್ರಿ, "ಸಂಬಳ ಹೊಲಿಯೋಕೆ ಕಣಮ್ಮ, ಓದೋಕಲ್ಲ" ಅನ್ನುತ್ತಿದ್ದ. ಮನೆಗೆ ಬಂದರೆ ಅಮ್ಮನ ಕಾಯಿಲೆ, ನಿನ್ನ ಸ್ಕೂಲು. ಮೊದಲ ಪುಟ ಮತ್ತು ಕೊನೆಯ ಪುಟ ಮಾತ್ರ ಎಲ್ಲದರದ್ದೂ ಗೊತ್ತು, ಯಾಕೆಂದರೆ ಪ್ರೆಸ್ಸಿಗೆ ಇಟ್ಟು ಒತ್ತುವಾಗ ಮೇಲೆ ಕೆಳಗೆ ಕಾಣುವುದು ಅವೇ. ನಡುವೆ ಏನಾಯಿತೆಂದು ತಿಳಿಯದೆ ಆಯುಷ್ಯವೆಲ್ಲ ಹೊಟ್ಟೆ ಉರಿಸಿಕೊಂಡಿದ್ದೇನೆ.

ಈಗ ಕೇಳು. ತಿಂಗಳಿಗೆ ನಾಲ್ಕು ಪುಸ್ತಕ. ನಾನು ಓದಿದ್ದನ್ನು ನೀನೂ ಓದಬೇಕು. ಕಣ್ಣು ಹೋದ ಮೇಲೆ ಇವುಗಳ ಬಗ್ಗೆ ಮಾತಾಡಲು ನನಗೊಬ್ಬರು ಬೇಡವೇ? ಗೋಡೆಯ ಜೊತೆ ಮಾತಾಡಲೇ? ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ ಅನ್ನುತ್ತೀ, ಗೊತ್ತು. ಅದಕ್ಕೇ ದಾರ ಬಿಚ್ಚಿ ಪುಸ್ತಕವನ್ನು ಫಾರಂ ಲೆಕ್ಕದಲ್ಲಿ ಕಳಿಸುತ್ತೇನೆ. ಫಾರಂ ಅಂದರೆ ಹದಿನಾರು ಪುಟದ ಒಂದು ಮಡಿಕೆ. ನಿನ್ನ ಆಸ್ಪತ್ರೆ ಲಾಂಡ್ರಿಯ ಏಪ್ರನ್ನಿಗೆ ಹೊಟ್ಟೆಯ ಮೇಲೆ ಅಷ್ಟಗಲದ ಜೇಬಿದೆಯಲ್ಲ, ಅದರಲ್ಲಿ ಸಲೀಸಾಗಿ ಕೂರುತ್ತದೆ. ಹೋಗುವಾಗ ಬಸ್ಸಿನಲ್ಲಿ ಎಂಟು ಪುಟ, ಬರುವಾಗ ಎಂಟು ಪುಟ. ಓದಿದ್ದನ್ನು ವಾಪಸು ಕಳಿಸು, ನಾನು ಮತ್ತೆ ಹೊಲಿದು ರಟ್ಟು ಹಾಕುತ್ತೇನೆ. ಹೊಲಿಯುವುದಕ್ಕೆ ನನಗೆ ಕಣ್ಣು ಬೇಕಾಗಿಲ್ಲ, ಬೆರಳಿಗೇ ಗೊತ್ತು.

ಈ ತಿಂಗಳ ಪಟ್ಟಿ: ಜೇನು ಸಾಕುವವನೊಬ್ಬನ ಅನುಭವಗಳು, ಒಬ್ಬ ನಾವಿಕನ ಆತ್ಮಕಥೆ, ಒಂದು ಪತ್ತೇದಾರಿ, ಒಂದು ಪ್ರವಾಸ ಕಥನ. ಒಂದು ಫಾರಂ ಕಳೆದರೂ ಪುಸ್ತಕ ಕುಂಟುತ್ತದೆ, ನೆನಪಿರಲಿ.

ನಿನ್ನ ಅಕ್ಕ


ಜನವರಿ ೨೮

ಅಕ್ಕಾ,

ನಿನ್ನ ಕಾಗದ ಹಿಡಿದು ಲಾಂಡ್ರಿಯ ಹಿಂದಿನ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅಳಬೇಡ ಅಂತ ಬರೆದಿದ್ದೀ, ಆದರೆ ಆ ಸಾಲಿಗೆ ಬರುವಷ್ಟರಲ್ಲಿ ಅತ್ತಾಗಿತ್ತು. ಆಮೇಲೆ ಮೂಗು ಒರೆಸಿಕೊಂಡು ಜೇನಿನ ಮೊದಲ ಫಾರಂ ಜೇಬಿಗೆ ಹಾಕಿದೆ.

ಬಸ್ಸಿನಲ್ಲಿ ಕೂರಲು ಜಾಗ ಯಾವ ಕಾಲಕ್ಕೆ ಸಿಕ್ಕಿದೆ! ಒಂದು ಕೈಯಲ್ಲಿ ಮೇಲಿನ ಕಂಬಿ, ಇನ್ನೊಂದರಲ್ಲಿ ನಿನ್ನ ಫಾರಂ. ಪುಟ ತಿರುಗಿಸುವಾಗ ಕಂಬಿ ಬಿಡಬೇಕು, ಬ್ರೇಕ್ ಬಿದ್ದರೆ ಯಾರದ್ದಾದರೂ ಮಡಿಲಲ್ಲಿ ಹೋಗಿ ಕೂರಬೇಕು. ಒಂದು ದಿನ ಪಕ್ಕದಲ್ಲಿ ನಿಂತಿದ್ದ ಗಡ್ಡದವರು ನನ್ನ ಭುಜದ ಮೇಲಿಂದ ಓದುತ್ತಿದ್ದರು. ನಾನು ತಿರುಗಿಸಲು ಹೋದರೆ, "ಒಂದ್ನಿಮಿಷ ತಡೀರಿ, ಇನ್ನೂ ಎರಡು ಸಾಲಿದೆ" ಅಂದರು. ರಾಣಿ ಜೇನು ಸತ್ತಾಗ ಇಬ್ಬರೂ ಒಟ್ಟಿಗೆ ಅಯ್ಯೋ ಅಂದೆವು.

ಪಾಳಿ ಮುಗಿದ ಮೇಲೆ ನಮ್ಮ ಏಪ್ರನ್ನುಗಳನ್ನೂ ಒಗೆಯುವ ತೊಟ್ಟಿಗೇ ಎಸೆಯಬೇಕು, ಆಸ್ಪತ್ರೆಯ ನಿಯಮ. ಮೊದಲ ದಿನವೇ ನಿನ್ನ ಜೇನೆಲ್ಲ ಕುದಿನೀರಿಗೆ ಹೋಗುತ್ತಿತ್ತು. ಜೊತೆಯಲ್ಲಿ ಹಾಸಿಗೆ ಬಟ್ಟೆ ಮಡಚುವವಳು ಕೂಗಿ ಹಿಡಿದಳು. ನಾವಿಬ್ಬರೂ ಮೂಲೆಗೆ ಮೂಲೆ ಸೇರಿಸಿ, ಹತ್ತಿರ ಬಂದು, ದೂರ ಹೋಗಿ ಮಡಚುವಾಗ ನಿನ್ನ ನೆನಪಾಗುತ್ತದೆ. ಅಮ್ಮ ನಮ್ಮಿಬ್ಬರಿಗೂ ಒಂದೇ ಹೊದಿಕೆಯ ಮೇಲೆ ಮಡಚುವುದನ್ನು ಕಲಿಸಿದಳು. ನೀನು ಕಾಗದಕ್ಕೆ ಹೋದೆ, ನಾನು ಬಟ್ಟೆಗೆ ಬಂದೆ.

ಜೇನು ಮುಗಿಯಿತು. ನಾವಿಕ ಮುಗಿದ, ಪುಣ್ಯಾತ್ಮ ಎಷ್ಟು ಸಲ ಮುಳುಗುತ್ತಾನೆ! ಪತ್ತೇದಾರಿ ಅರ್ಧ. ಪ್ರವಾಸ ಇನ್ನೂ ಹೊರಟಿಲ್ಲ. ಮಗಳ ಪರೀಕ್ಷೆ, ಇವರ ಗ್ಯಾರೇಜಿನ ಎಣ್ಣೆ ಬಟ್ಟೆ, ಅಡುಗೆ. ಫೆಬ್ರವರಿಯಲ್ಲಿ ನಾಲ್ಕಕ್ಕೆ ನಾಲ್ಕೂ ಓದದಿದ್ದರೆ ನನ್ನ ಹೆಸರು ಬದಲಾಯಿಸು.

ಮಾರ್ಚ್‌ನಲ್ಲಿ ರಜೆ ಕೇಳಿದ್ದೇನೆ. ಬಂದೇ ಬರುತ್ತೇನೆ.

ಚೋಟು


ಮಾರ್ಚ್ ೨೪

ಚೋಟು,

ನೀನು ಕಳಿಸಿದ ಫಾರಂಗಳಿಗೆಲ್ಲ ಆಸ್ಪತ್ರೆಯ ಬ್ಲೀಚಿನ ವಾಸನೆ. ಪತ್ತೇದಾರಿಯ ಕೊಲೆಗಾರ ಎಷ್ಟೇ ಕೈ ತೊಳೆದರೂ ಇಷ್ಟು ಶುಭ್ರನಾಗುತ್ತಿರಲಿಲ್ಲ.

ಫೆಬ್ರವರಿಯಲ್ಲಿ ಎರಡು, ಮಾರ್ಚ್‌ನಲ್ಲಿ ಒಂದೂವರೆ. ನಿನ್ನ ಹೆಸರು ಏನಿಡೋಣ ಹೇಳು. ಬೈಯುತ್ತಿಲ್ಲ. ಬೈಯುತ್ತಿದ್ದೇನೆ. ನಾನು ಏಪ್ರಿಲ್‌ನ ನಾಲ್ಕು, ಮೇ ತಿಂಗಳ ನಾಲ್ಕು ಎಲ್ಲ ತೆಗೆದು ಕಿಟಕಿಯ ಹಲಗೆಯ ಮೇಲೆ ಸಾಲಾಗಿ ಇಟ್ಟಿದ್ದೇನೆ. ಬೆಳಕು ಚೆನ್ನಾಗಿರುವುದು ಬೆಳಗ್ಗೆ ಮಾತ್ರ. ಮೊದಲು ಒಂದು ಸಲ ಕೂತರೆ ಎರಡು ಫಾರಂ ಓದುತ್ತಿದ್ದೆ, ಈಗ ಒಂದು ಪುಟಕ್ಕೇ ಕತ್ತು ನೋಯುತ್ತದೆ. ಪದದ ಮೇಲೆ ಹೆಬ್ಬೆಟ್ಟು ಕೂತರೆ ಪಕ್ಕಕ್ಕೆ ನೋಡಬೇಕು, ಆಗ ಓರೆಯಲ್ಲಿ ಪದ ಕಾಣುತ್ತದೆ. ಕದ್ದು ನೋಡಿದ ಹಾಗೆ. ಶಾಪಿನಲ್ಲಿ ಮೇಸ್ತ್ರಿಗೆ ಹೆದರಿ ಹೀಗೇ ಓದುತ್ತಿದ್ದೆ, ಅಭ್ಯಾಸವಿದೆ.

ಡಿಸೆಂಬರಿಗೆಂದು ಒಂದು ಪುಸ್ತಕ ಎತ್ತಿಟ್ಟಿದ್ದೇನೆ. ಹಸಿರು ರಟ್ಟಿನ ದಪ್ಪ ಕಾದಂಬರಿ. ನಾನು ಕೆಲಸಕ್ಕೆ ಸೇರಿದ ವರ್ಷ ಹೊಲಿದದ್ದು. ಮೊದಲ ಪುಟ ಹೇಳುತ್ತೇನೆ ಕೇಳು. ನದಿಯ ದಂಡೆಯಲ್ಲಿ ಒಂದು ಮನೆ. ಅತ್ತೆ, ಸೊಸೆ, ಇಬ್ಬರೇ. ದೀಪದ ಗಾಜು ಒಡೆದಿದೆ. ಹೊಸ ಗಾಜು ತರಲು ಸೊಸೆ ಆಚೆ ದಡಕ್ಕೆ ಹೊರಡುತ್ತಾಳೆ. ದೋಣಿ ಹತ್ತುವಾಗ, "ದೀಪ ಹಚ್ಚೋ ಹೊತ್ತಿಗೆ ಬಂದ್ಬಿಡ್ತೀನಿ ಅತ್ತೆ" ಅನ್ನುತ್ತಾಳೆ. ಅಷ್ಟೇ ಪುಟ. ಅವತ್ತಿನಿಂದ ಇವತ್ತಿನವರೆಗೆ ಅವಳು ನನ್ನ ತಲೆಯಲ್ಲಿ ದೋಣಿಯಲ್ಲೇ ಕೂತಿದ್ದಾಳೆ.

ರಜೆ ಏನಾಯಿತು? ಮುಖ ನೋಡಿದರೆ ಮುಖ ಕಾಣುವುದಿಲ್ಲ, ಕಿವಿ, ಕೂದಲು ಕಾಣುತ್ತದೆ. ಟೈಲರಮ್ಮನನ್ನು ಈಗ ಓಲೆಯಿಂದ ಗುರುತಿಸುತ್ತೇನೆ. ಬರುವಾಗ ಅಮ್ಮನ ಓಲೆ ಹಾಕಿಕೊಂಡು ಬಾ.

ಅಕ್ಕ


ಏಪ್ರಿಲ್ ೧೯

ಅಕ್ಕಾ,

ಇವರಿಗೆ ಲಕ್ವ ಹೊಡೆದಿದೆ. ಗ್ಯಾರೇಜಿನಲ್ಲಿ ಲಾರಿಯ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದರಂತೆ, ಎಷ್ಟು ಕೂಗಿದರೂ ಎದ್ದು ಬರಲಿಲ್ಲವಂತೆ. ನಮ್ಮ ಆಸ್ಪತ್ರೆಗೇ ತಂದರು. ನಾನು ಮಡಚಿಟ್ಟ ಹಾಸಿಗೆ ಬಟ್ಟೆಯ ಮೇಲೆಯೇ ಮಲಗಿಸಿದರು. ಬಲಗಡೆ ಪೂರ್ತಿ ಹೋಗಿದೆ. ಮಾತು ಹೊರಡುವುದಿಲ್ಲ, ಏನೋ ಒಂದು ಶಬ್ದ ಬರುತ್ತದೆ, ಅದು ನನಗೂ ಅರ್ಥವಾಗುವುದಿಲ್ಲ, ಅರ್ಥವಾಗದ್ದಕ್ಕೆ ಅವರಿಗೆ ಸಿಟ್ಟು.

ಮನೆಗೆ ಕರಕೊಂಡು ಬಂದೆವು. ನಾನು ಕೆಲಸಕ್ಕೆ ಹೋದಾಗ ಮಗಳು ನೋಡಿಕೊಳ್ಳುತ್ತಾಳೆ, ಅವಳು ಕಾಲೇಜಿಗೆ ಹೋದಾಗ ನಾನು. ನಾವಿಬ್ಬರೂ ಬಾಗಿಲಲ್ಲಿ ಎದುರಾಗುತ್ತೇವೆ, ಅಷ್ಟೇ.

ಏಪ್ರಿಲ್‌ನ ನಾಲ್ಕು ಪುಸ್ತಕದ ಫಾರಂಗಳು ಬಿಚ್ಚದೆ ಹಾಗೇ ಇವೆ. ಕಟ್ಟು ಸಮೇತ ವಾಪಸು ಕಳಿಸುತ್ತಿದ್ದೇನೆ. ಇನ್ನು ಕಳಿಸಬೇಡ ಅಕ್ಕ. ನನ್ನ ಕೈಲಾಗುವುದಿಲ್ಲ.

ಚೋಟು


ಮೇ ೩

ಚೋಟು,

ನಾನು ಹೊರಟಿದ್ದೆ. ಚೀಲ ಹಿಡಿದು ಬಸ್ ಸ್ಟ್ಯಾಂಡಿಗೆ ಹೋದೆ. ಬಸ್ಸುಗಳು ಕಾಣುತ್ತವೆ, ಬೋರ್ಡು ನೋಡಿದರೆ ಬೋರ್ಡಿಲ್ಲ. ಅವರನ್ನು ಕೇಳಿ ಇವರನ್ನು ಕೇಳಿ ಒಂದರಲ್ಲಿ ಹತ್ತಿ ಕೂತೆ. ಅದು ತಪ್ಪು ಬಸ್ಸು. ಕಂಡಕ್ಟರ್ ಒಳ್ಳೆಯವನು, ಇಳಿಸಿ ವಾಪಸು ಬಸ್ಸಿಗೆ ಹತ್ತಿಸಿದ. ಮನೆಗೆ ಬಂದು ಚೀಲ ಬಿಚ್ಚಿಟ್ಟೆ. ನಿನಗೆ ಆಸರೆಯಾಗಬೇಕಾದವಳು ಇನ್ನೊಂದು ಹೊರೆಯಾಗಿ ಬರುವುದು ಬೇಡವೆಂದು ಸುಮ್ಮನಾದೆ.

ನಿನ್ನ ಗಂಡ ಗಟ್ಟಿ ಮನುಷ್ಯ. ಎದ್ದು ಕೂರುತ್ತಾರೆ.

ಪುಸ್ತಕದ ಮಾತೆತ್ತುವುದಕ್ಕೆ ನನಗೇ ನಾಚಿಕೆ. ಆದರೂ ಎತ್ತುತ್ತೇನೆ, ಬೈದುಕೋ. ತಿಂಗಳಿಗೆ ನಾಲ್ಕು ಹೋಗಲಿ, ಒಂದೂ ಹೋಗಲಿ. ಇನ್ನು ಇಡೀ ವರ್ಷಕ್ಕೆ ಒಂದೇ. ಡಿಸೆಂಬರಿನ ಹಸಿರು ಪುಸ್ತಕವನ್ನು ಈಗಲೇ ತೆಗೆದೆ, ಡಿಸೆಂಬರ್‌ವರೆಗೆ ಈ ಕಣ್ಣು ಕಾಯುವುದಿಲ್ಲ. ಎರಡನೆಯ ಪುಟಕ್ಕೆ ಹೋದೆ. ಎಷ್ಟು ಓರೆಯಾಗಿ ನೋಡಿದರೂ ಅಕ್ಷರ ಕೂಡುವುದಿಲ್ಲ. ಬೆಳಗ್ಗೆಯೆಲ್ಲ ಕೂತು ಒಂದು ಪ್ಯಾರಾ. ಪುಸ್ತಕ ಮುಚ್ಚಿ ಕೈ ಚೆಲ್ಲಿ ಕೂತೆ. ನನ್ನ ಓದು ಅಲ್ಲಿಗೆ ಮುಗಿಯಿತು.

ಎಲ್ಲ ಫಾರಂಗಳನ್ನೂ ಕಳಿಸಿದ್ದೇನೆ. ನೀನು ಓದು, ಏನಾಯಿತೆಂದು ದಪ್ಪ ಪೆನ್ನಿನಲ್ಲಿ, ದೊಡ್ಡ ಅಕ್ಷರದಲ್ಲಿ ಬರೆ. ಅವಸರವಿಲ್ಲ. ಇದ್ದದ್ದು ಇದೊಂದೇ ಪ್ರತಿ, ಜೋಪಾನ.

ಅಕ್ಕ


ಜೂನ್ ೧೫

ಅಕ್ಕಾ,

ಮಗಳ ಬಣ್ಣದ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಒಂದು ಹಾಳೆಗೆ ಏಳೆಂಟು ಸಾಲೇ ಹಿಡಿಸುತ್ತದೆ, ಅದಕ್ಕೆ ಕಟ್ಟು ದಪ್ಪ.

ಸೊಸೆ ಆಚೆ ದಡ ತಲುಪಿದಳು. ಗಾಜಿನ ಅಂಗಡಿಯಲ್ಲಿ ಅವಳ ದೀಪದ ಅಳತೆಯದು ಇಲ್ಲ, ನಾಳೆ ಬರುತ್ತದೆ ಅನ್ನುತ್ತಾನೆ. ಬರಿಗೈಯಲ್ಲಿ ಹೋಗುವುದೇ? ಹಗ್ಗ ಹೊಸೆಯುವ ಒಂದು ಚಪ್ಪರದಲ್ಲಿ ರಾತ್ರಿ ಉಳಿಯಲು ಜಾಗ ಕೇಳುತ್ತಾಳೆ. ಅಲ್ಲಿನ ಮುದುಕಿ, "ಕೂತಲ್ಲೇ ಕೂರ್ಬೇಡ, ಈ ತುದಿ ಹಿಡ್ಕೊ" ಎಂದು ಹಗ್ಗ ಕೊಡುತ್ತಾಳೆ. ಮರುದಿನ ಗಾಜು ಬರುತ್ತದೆ, ಆದರೆ ಬಿರುಗಾಳಿ, ದೋಣಿ ಇಲ್ಲ. ಅತ್ತೆಗೆ ಹೇಳಿಕಳಿಸುತ್ತಾಳೆ. ಹೇಳಿಕಳಿಸಿದ ಮಾತು ಮುಟ್ಟುವುದೇ ಇಲ್ಲ, ಅದು ಅವಳಿಗೆ ಗೊತ್ತಿಲ್ಲ, ನಮಗೆ ಮಾತ್ರ ಗೊತ್ತು. ಗಾಜನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ತಲೆದೆಸೆಯಲ್ಲಿ ಇಟ್ಟುಕೊಂಡು ಮಲಗುತ್ತಾಳೆ.

ಚೆನ್ನಾಗಿದೆ ಅಕ್ಕ. ಇವರಿಗೆ ಗಂಜಿ ಕುಡಿಸುತ್ತಾ ಒಂದು ಪುಟ ಗಟ್ಟಿಯಾಗಿ ಓದಿದೆ, ಖುಷಿಯಾಗಬಹುದೆಂದು. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಗಂಜಿಯೆಲ್ಲ ದಿಂಬಿನ ಮೇಲೆ ಹೋಯಿತು. ಆಮೇಲೆ ಓದಲಿಲ್ಲ.

ಚೋಟು


ಜುಲೈ ೨

ಚೋಟು,

ಇದು ಟೈಲರಮ್ಮನ ಅಕ್ಷರ. ನಿನ್ನ ದೊಡ್ಡ ಅಕ್ಷರವೂ ನನಗೆ ಕೂಡಲಿಲ್ಲ. ಸಿಟ್ಟಿನಿಂದ ಹಾಳೆಗಳನ್ನು ಹರಡಿಕೊಂಡು ಕೂತಿದ್ದಾಗ ಇವಳು ಬಂದಳು. ಮಧ್ಯಾಹ್ನ ಅಂಗಡಿಯ ಬಾಗಿಲು ಹಾಕಿ ಊಟಕ್ಕೆ ಹೋಗುವ ಮೊದಲು ಹತ್ತು ನಿಮಿಷ ಓದಿಕೊಡುತ್ತಾಳೆ, ಬರೆದೂ ಕೊಡುತ್ತಾಳೆ. ಆದ್ದರಿಂದ ಇನ್ನು ಮೇಲೆ ಮನೆಯ ಗುಟ್ಟು ಬರೆಯಬೇಡ. ನಾನೂ ಬರೆಸುವುದಿಲ್ಲ. ನೀನು ಇನ್ನು ಸಣ್ಣ ಅಕ್ಷರದಲ್ಲೇ ಬರೆಯಬಹುದು, ಅಂಚೆಯ ಖರ್ಚು ಉಳಿಯಿತು.

ಸೊಸೆಯ ಕಥೆ ಕೇಳಿ ಇವಳು ಸೂಜಿ ಕೆಳಗಿಟ್ಟಳು. "ಆ ಗಾಜು ಒಡೆದೋಗತ್ತೆ ನೋಡ್ತಿರಿ" ಅನ್ನುತ್ತಾಳೆ. ನಾನು ಇಲ್ಲ ಅನ್ನುತ್ತೇನೆ. ದಿನಾ ಇದೇ ಜಗಳ. ಮುಂದೆ ಏನಾಯಿತು ಬೇಗ ಬರೆ. ಓದಿದ ಫಾರಂಗಳು ಬಂದವು, ಹೊಲಿಯುತ್ತಿದ್ದೇನೆ.

ಅಕ್ಕ


ಆಗಸ್ಟ್ ೨೧

ಅಕ್ಕಾ,

ತಡವಾಯಿತು. ಲಾಂಡ್ರಿಯಲ್ಲಿ ಇಬ್ಬರು ಬಿಟ್ಟುಹೋದರು, ನಮಗೆ ಎರಡೆರಡು ಪಾಳಿ. ಬಸ್ಸಿನಲ್ಲಿ ನಿಂತೇ ನಿದ್ದೆ ಮಾಡುತ್ತೇನೆ. ಗಡ್ಡದವರು ಒಂದು ದಿನ, "ಯಾಕಮ್ಮ, ಈಗ ಓದಲ್ವಾ?" ಅಂದರು.

ಇಷ್ಟು ಓದಿದೆ. ಬಿರುಗಾಳಿ ನಿಲ್ಲುತ್ತದೆ. ಮುದುಕಿ ಕಾಯಿಲೆ ಬೀಳುತ್ತಾಳೆ. ಸೊಸೆ ಇವತ್ತು ನಾಳೆ ಅನ್ನುತ್ತಾ ಉಳಿಯುತ್ತಾಳೆ. ತಿಂಗಳುಗಳಾಗುತ್ತವೆ. ಕೊನೆಗೊಂದು ದಿನ ಬೆಳಗ್ಗೆ ಗಾಜು ಎತ್ತಿಕೊಂಡು ದಡಕ್ಕೆ ಬರುತ್ತಾಳೆ. ದೋಣಿ ನಿಂತಿದೆ. ನೀರು ಶಾಂತವಾಗಿದೆ. ದೋಣಿಯವನು, "ಬರ್ತೀಯೇನಮ್ಮ?" ಅನ್ನುತ್ತಾನೆ. ಅವಳು ಕಾಲು ಎತ್ತುತ್ತಾಳೆ, ದೋಣಿಯೊಳಗೆ ಇಡುವುದಿಲ್ಲ. ಅಲ್ಲಿಗೆ ಆ ಫಾರಂ ಮುಗಿಯಿತು. ಇನ್ನು ಐದು ಫಾರಂ ಉಳಿದಿವೆ.

ಇವರು ಹಾಗೇ ಇದ್ದಾರೆ.

ಚೋಟು


ಸೆಪ್ಟೆಂಬರ್ ೪

ಚೋಟು,

ಯಾಕೆ ಇಡುವುದಿಲ್ಲ? ನೀರು ಶಾಂತವಾಗಿದೆ, ದೋಣಿ ಇದೆ, ಗಾಜು ಕೈಯಲ್ಲಿದೆ, ಮತ್ತೇನು ದಾಡಿ ಅವಳಿಗೆ? ಟೈಲರಮ್ಮನಿಗೆ ಹೊಲಿಗೆ ಹಾಕಲಾಗುತ್ತಿಲ್ಲವಂತೆ. ಹಗ್ಗದ ಮುದುಕಿಯ ಮೋಹ ಅನ್ನುತ್ತಾಳೆ ಇವಳು. ಅತ್ತೆಗೆ ಏನು ಮುಖ ತೋರಿಸಲಿ ಎಂಬ ಹೆದರಿಕೆ ಅನ್ನುತ್ತೇನೆ ನಾನು. ತಡವಾದಷ್ಟೂ ಹೋಗುವುದು ಕಷ್ಟ ಚೋಟು, ಅದು ನನಗೂ ಗೊತ್ತು.

ಹಾಸ್ಯವಲ್ಲ, ನನಗೆ ಈಗ ದಿನ ಕಳೆಯುವುದು ಈ ಹೆಂಗಸಿನಿಂದ. ಬೆಳಗ್ಗೆ ಎದ್ದರೆ ಕಿಟಕಿಯ ಬೆಳಕು ಒಂದು ಬೂದು ಚೌಕ, ಅಷ್ಟೇ. ಗೋಡೆ ಹಿಡಿದುಕೊಂಡು ಒಲೆಯವರೆಗೆ ಹೋಗುತ್ತೇನೆ. ಆಮೇಲೆ ಕೂತು ಅವಳ ಜೊತೆ ದಡದಲ್ಲಿ ನಿಲ್ಲುತ್ತೇನೆ. ಇನ್ನು ಐದೇ ಫಾರಂ. ಒಂದು ಭಾನುವಾರ ಸಾಕು.

ಅಕ್ಕ


ಅಕ್ಟೋಬರ್ ೫

ಅಕ್ಕಾ,

ಈ ಕಾಗದವನ್ನು ಟೈಲರಮ್ಮ ಓದಕೂಡದು. ಅವಳು ಓದದೆ ನಿನಗೆ ಮುಟ್ಟುವುದಿಲ್ಲ. ಹಾಗಾಗಿ ಇದನ್ನು ಕಳಿಸುವುದಿಲ್ಲ, ಸುಮ್ಮನೆ ಬರೆಯುತ್ತಿದ್ದೇನೆ.

ಐದೂ ಫಾರಂ ಹೋದವು ಅಕ್ಕ. ಭಾನುವಾರದ ಪಾಳಿಯಲ್ಲಿ ಕೆಲಸ ಕಡಿಮೆ, ಅವತ್ತು ಪೂರ್ತಿ ಮುಗಿಸಿಯೇ ಬಿಡೋಣ ಎಂದು ಐದನ್ನೂ ಒಟ್ಟಿಗೆ ಜೇಬಿಗೆ ಹಾಕಿಕೊಂಡು ಹೋಗಿದ್ದೆ. ಊಟದ ಹೊತ್ತಿಗೆ ತೆಗೆಯಬೇಕು ಅನ್ನುವಾಗ ಮಗಳ ಫೋನು, ಅಪ್ಪ ಮಂಚದಿಂದ ಬಿದ್ದಿದ್ದಾರೆ ಅಂತ. ಏಪ್ರನ್ ಕಿತ್ತು ತೊಟ್ಟಿಗೆ ಎಸೆದು ಓಡಿದೆ. ಅವರಿಗೆ ಏನೂ ಆಗಿರಲಿಲ್ಲ. ನೆಲದ ಮೇಲೆ ಮಲಗಿ ನನ್ನನ್ನು ನೋಡಿ ಮೊದಲ ಸಲ ನಕ್ಕರು. ಆಗ ಜೇಬು ನೆನಪಾಯಿತು.

ಮರುದಿನ ಹೋಗಿ ನೋಡಿದರೆ ಒಗೆತ ಮುಗಿದಿತ್ತು. ಹಾಸಿಗೆ ಬಟ್ಟೆ, ದಿಂಬಿನ ಚೀಲ, ಡಾಕ್ಟರರ ಕೋಟು, ಎಲ್ಲದಕ್ಕೂ ಬಿಳೀ ಹಿಟ್ಟು ಹಿಟ್ಟಾಗಿ ಕಾಗದ ಮೆತ್ತಿಕೊಂಡಿತ್ತು. ಸೂಪರ್‌ವೈಸರ್ ಎಲ್ಲರೆದುರಿಗೆ ಬೈದರು. ಇಡೀ ಪಾಳಿ ಉಗುರಿನಲ್ಲಿ ಕೆರೆದು ಕೆರೆದು ತೆಗೆದೆ. ಒಂದು ಚೂರಿನಲ್ಲೂ ಒಂದು ಪೂರ್ತಿ ಪದವಿರಲಿಲ್ಲ. ಇದ್ದಿದ್ದರೆ ಅದನ್ನೇ ನಿನಗೆ ಬರೆದು ಕಳಿಸುತ್ತಿದ್ದೆ.

ಲೈಬ್ರರಿಯಲ್ಲಿ ಕೇಳಿದೆ. ಹಳೆ ಪುಸ್ತಕದ ಅಂಗಡಿಗಳಲ್ಲಿ ಕೇಳಿದೆ. ಆ ಪ್ರಕಾಶನ ಮುಚ್ಚಿ ಎಷ್ಟೋ ಕಾಲವಾಯಿತಂತೆ, ಆ ಹೆಸರಿನ ಪುಸ್ತಕವನ್ನೇ ಯಾರೂ ಕೇಳಿಲ್ಲ.

ನನಗೆ ಸಾಕಾಗಿದೆ. ಬೆಳಗಾದರೆ ಯಾರನ್ನೋ ಎತ್ತಬೇಕು, ಯಾರದ್ದೋ ಕೊಳೆ ಒಗೆಯಬೇಕು. ನನಗೆಂದು ಇದ್ದದ್ದು ಆ ಹದಿನಾರು ಪುಟದ ಒಂದು ಮಡಿಕೆ. ನಿನಗೆಂದು ಇದ್ದದ್ದೂ ಅದೇ. ಅದನ್ನೂ ನಾನೇ ಕುದಿಸಿ ಹಾಕಿದೆ. ನಿನಗೆ ಹೇಗೆ ಹೇಳಲಿ? ಹತ್ತು ನಿಮಿಷ ಓದಿಕೊಡುವ ಪರರ ಬಾಯಿಂದ ಇದನ್ನು ಹೇಗೆ ಕೇಳಿಸಲಿ? ಬಂದು ಹೇಳೋಣವೆಂದರೆ ಇವರನ್ನು ಯಾರಿಗೆ ಒಪ್ಪಿಸಿ ಬರಲಿ?

ಚೋಟು


ಅಕ್ಟೋಬರ್ ೧೪

ಚೋಟು,

ಕಾಗದವಿಲ್ಲ. ನಿನ್ನ ಗಂಡ ಹೇಗಿದ್ದಾರೆ?

ಮುಂದಿನ ತಿಂಗಳ ಪಟ್ಟಿ ಮಾಡಿದ್ದೇನೆ, ಕೇಳಿದರೆ ನಗುತ್ತೀ. ಟ್ರಂಕಿನಲ್ಲಿ ಕೈಯಾಡಿಸಿ ರಟ್ಟಿನ ಒರಟು, ಬೆನ್ನಿನ ದಪ್ಪ ನೋಡಿ ನಾಲ್ಕನ್ನು ಆರಿಸಿ ಕಿಟಕಿಯ ಹಲಗೆಯ ಮೇಲೆ ಇಟ್ಟೆ. ಯಾರು ಓದಬೇಕು, ಗೊತ್ತಿಲ್ಲ. ಟೈಲರಮ್ಮ ಇದನ್ನು ಬರೆಯುತ್ತಾ, "ಅಕ್ಕಾ, ಬರೀಲೇ ಬೇಕಾ ಇದನ್ನ?" ಅಂದಳು. ಬರಿ ಅಂದೆ.

ಹಸಿರು ಪುಸ್ತಕವನ್ನು ಹೊಲಿದಾಯಿತು, ಐದು ಫಾರಂ ಬಿಟ್ಟು. ದಾರವನ್ನು ಕತ್ತರಿಸದೆ ಸೂಜಿ ಸಮೇತ ನೇತುಬಿಟ್ಟಿದ್ದೇನೆ. 

ಅಕ್ಕ


ಅಕ್ಟೋಬರ್ ೨೯

ಅಕ್ಕಾ, ಟೈಲರಮ್ಮನವರೇ,

ಇಬ್ಬರೂ ನೆಟ್ಟಗೆ ಕೂತುಕೊಳ್ಳಿ, ಸೂಜಿ ಕೆಳಗಿಡಿ. ಪುಸ್ತಕ ಮುಗಿಯಿತು!

ಸೊಸೆ ದೋಣಿಯೊಳಗೆ ಕಾಲಿಡದೆ ಇದ್ದದ್ದು ಯಾಕೆ ಗೊತ್ತೇ? ಆ ದೋಣಿಯವನು ಕುಡಿದಿದ್ದ. ಅವನ ಬಾಯಿಂದ ವಾಸನೆ ಬಂತು. ಮುಳುಗಿಸಿದರೆ ಗತಿಯೇನು ಎಂದು ಹಿಂದೆ ಸರಿದಳು. ಅವನ ಜೊತೆ ದೊಡ್ಡ ಜಗಳವೇ ಆಗುತ್ತದೆ, ತಮಾಷೆಯಾಗಿದೆ. ಆಮೇಲೆ ಹಗ್ಗದ ಮುದುಕಿಯೇ ತನಗೆ ಗೊತ್ತಿದ್ದ ಇನ್ನೊಬ್ಬನನ್ನು ಕರೆಸುತ್ತಾಳೆ. ದಾರಿಯಲ್ಲಿ ಗಾಳಿ ಏಳುತ್ತದೆ, ಗಾಜನ್ನು ಮಗುವಿನ ಹಾಗೆ ಅಪ್ಪಿಕೊಂಡು ಕೂರುತ್ತಾಳೆ. ಟೈಲರಮ್ಮನವರೇ, ಗಾಜು ಒಡೆಯಲಿಲ್ಲ, ಅಕ್ಕ ಗೆದ್ದಳು.

ಮನೆಗೆ ಬಂದಾಗ ಸರಿಯಾಗಿ ದೀಪ ಹಚ್ಚುವ ಹೊತ್ತು. ಅತ್ತೆ, "ಯಾಕೆ ಇಷ್ಟ್ಹೊತ್ತು?" ಅನ್ನುತ್ತಾಳೆ, ಬೆಳಗ್ಗೆ ಹೋಗಿ ಸಂಜೆ ಬಂದವಳನ್ನು ಕೇಳಿದ ಹಾಗೆ. ಸೊಸೆ ಗಾಜು ಏರಿಸಿ ದೀಪ ಹಚ್ಚುತ್ತಾಳೆ. ಇಬ್ಬರೂ ಎದುರುಬದುರು ಕೂತು ಊಟ ಮಾಡುತ್ತಾರೆ. ಅಲ್ಲಿಗೆ ಮುಗಿಯುತ್ತದೆ. ಎಷ್ಟು ಸಮಾಧಾನವಾಯಿತು ಗೊತ್ತಾ ಅಕ್ಕ! ಬಸ್ಸಿನಲ್ಲಿ ಕಣ್ಣೀರು ಬಂತು.

ಕೊನೆಯ ಐದು ಫಾರಂಗಳನ್ನು ಅಂಚೆಗೆ ಹಾಕಲು ಧೈರ್ಯವಿಲ್ಲ. ಬಂದಾಗ ನಾನೇ ತರುತ್ತೇನೆ. ಡಿಸೆಂಬರ್‌ನಲ್ಲಿ ರಜೆ ಸಿಗಬಹುದು. ಅಮ್ಮನ ಓಲೆ ತೆಗೆದಿಟ್ಟಿದ್ದೇನೆ.

ಚೋಟು


ನವೆಂಬರ್ ೧೬

ನಮಸ್ಕಾರ. ನಾನು ಟೈಲರು. ನಿಮ್ಮ ಕಾಗದ ಬಂದ ದಿನ ಅಂಗಡಿಯನ್ನು ಅರ್ಧ ದಿನ ಮುಚ್ಚಿ ಅಕ್ಕನಿಗೆ ಎರಡು ಸಲ ಓದಿ ಹೇಳಿದೆ. ನನಗೆ ತುಂಬಾ ಹಿಡಿಸಿತು. ಸೊಸೆ ಬಂದಳಲ್ಲ, ಅಷ್ಟು ಸಾಕು. ಎರಡನೆಯ ಸಲ ಓದಿದಾಗ ಅಕ್ಕ ಹಸಿರು ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು, ನೇತಾಡುತ್ತಿದ್ದ ದಾರವನ್ನು ಗಂಟು ಹಾಕಿ ಹಲ್ಲಿನಿಂದ ಕಡಿದರು. ಯಾಕಕ್ಕ, ಇನ್ನೂ ಐದು ಬರಬೇಕಲ್ಲ ಅಂದೆ. "ಇಲ್ಲ, ಆಯ್ತು" ಅಂದರು.

ಆಮೇಲೆ ಹಲವು ದಿನ ಉತ್ತರ ಬರೆಸಲಿಲ್ಲ. ಇವತ್ತು ನನ್ನ ಅಂಗಡಿಯ ಸ್ಕೇಲು ಬೇಕು ಅಂದರು. ಕೆಳಗೆ ತಾವೇ ಬರೆಯುತ್ತಾರಂತೆ, ನಾನು ನೋಡಬಾರದಂತೆ. ಸ್ಕೇಲನ್ನು ಹಾಳೆಯ ಮೇಲೆ ಹಿಡಿದುಕೊಟ್ಟು ನಾನು ಹೊರಗೆ ಹೋಗುತ್ತೇನೆ. ಸಾಲು ಸೊಟ್ಟಗಾದರೆ ಬೇಸರ ಮಾಡಿಕೊಳ್ಳಬೇಡಿ.

ಚೋಟು

ನಾನು ಬೈಂಡರು ಕಣೇ

ಕೊನೆ ಪುಟ ನನಗೆ ಗೊತ್ತು ಅಂತ ಜನವರಿಯಲ್ಲೇ ಬರೆದಿದ್ದೆ

ಆ ಪುಟದಲ್ಲಿ ಅತ್ತೆ ಒಬ್ಬಳೇ ಇದ್ದಾಳೆ

ಒಡೆದ ಗಾಜಿನ ದೀಪವನ್ನೇ ಹಚ್ಚುತ್ತಾಳೆ

ಎರಡು ತಟ್ಟೆ ಇಡುತ್ತಾಳೆ

ಸ್ವಲ್ಪ ಹೊತ್ತು ಕೂತಿದ್ದು ಒಂದನ್ನು ಎತ್ತಿಡುತ್ತಾಳೆ

ಅವಳು ಬರಲಿಲ್ಲ ಅಂತ ನನಗೆ ಮೊದಲಿನಿಂದಲೂ ಗೊತ್ತು

ಯಾಕೆ ಬರಲಿಲ್ಲ ಅಂತಷ್ಟೇ ಕೇಳಿದ್ದು

ಅಕ್ಕ